ಹಂದಿಜ್ವರದ ಶ್ರಾವಣದಲ್ಲಿ ಭಾವನ ಬೆಂಗಳೂರು ಯಾತ್ರೆ

ಮುಂಬಯಿ ಕಡೆಯಿಂದ ಬರುವ ಬೆಂಗಳೂರು ಗಾಡಿ ಯಾದಗಿರಿಯಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ಅಷ್ಟರೊಳಗೆ ನನ್ನ ಭಾವ ಶಿವಶರಣಪ್ಪ ಅನ್ನ ಬೇಯಿಸುವ ಎರಡು ದೊಡ್ಡ ಡಬರಿ, ಒಂದು ಚೀಲ ಜೋಳದ ಹಿಟ್ಟು, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿಯ ಡಬ್ಬಿ, ಕೊನೆಗೆ ನನ್ನನ್ನೂ ಸ್ಲೀಪರ್ ಬೋಗಿಗೆ ಹತ್ತಿಸಿದರು. ತಾವು ಹತ್ತುವ ಹೊತ್ತಿಗೆ ಗಾಡಿ ಚಲಿಸತೊಡಗಿತ್ತು. ಏದುಸಿರು ಬಿಡುತ್ತ ಸೀಟಿಗೆ ಬಂದು, "ನೋಡಿದ್ಯಾ ಸುಶೀಲಾ, ಮದುವಿ ಮನಿ ಸಾಮಾನೇ ಏರಿಸಿದವ ನಾ, ಈ ರೈಲು ಯಾವ ಲೆಕ್ಕ!" ಅಂದರು.

ಭಾವನದು ಯಾದಗಿರಿಯಲ್ಲಿ ಟೆಂಟ್ ಹೌಸ್. ಶಾಮಿಯಾನ, ಕುರ್ಚಿ, ಅಡಿಗೆಯ ಪಾತ್ರೆ ಬಾಡಿಗೆಗೆ ಕೊಡುವುದು ಅವರ ಕಸುಬು. ಅವರ ಮಗಳು ರೇಣುಕಾ ಬೆಂಗಳೂರಿನ ಕೆ.ಆರ್. ಪುರದಲ್ಲಿ ಗಂಡನ ಜೊತೆ ಬಾಡಿಗೆ ಕೋಣೆಯಲ್ಲಿದ್ದಳು. ಗಂಡ ನಾಗಪ್ಪ ಮಹದೇವಪುರದ ಕಡೆ ಹೊಸ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಕೂಡಿಸುವವನು. ಅವನ ಜೊತೆಗೆ ದುಡಿಯುವ ನಮ್ಮ ಕಡೆಯ ಮಂದಿಗೆ ಬಾಯಿಗೆ ರುಚಿಸುವ ಊಟ ಸಿಗುವುದಿಲ್ಲ ಅಂತ ರೇಣುಕಾ ಒಂದು ಖಾನಾವಳಿ ತೆರೆಯಲು ಹೊರಟಿದ್ದಳು. ಆ ಡಬರಿ, ಆ ಹಿಟ್ಟು ಅದಕ್ಕೇ.

ಅದು ೨೦೦೯ರ ಶ್ರಾವಣ. ಟಿ.ವಿ. ಹಚ್ಚಿದರೆ ಹಂದಿಜ್ವರ ಬಿಟ್ಟರೆ ಬೇರೆ ಸುದ್ದಿ ಇರಲಿಲ್ಲ. ಪುಣೆಯಲ್ಲಿ ಇಷ್ಟು ಮಂದಿ, ಬೆಂಗಳೂರಿನಲ್ಲಿ ಅಷ್ಟು ಮಂದಿ ಅಂತ ದಿನವಿಡೀ ಹೇಳುತ್ತಿದ್ದರು. ಅಕ್ಕ ಅತ್ತೆಯ ಆರೈಕೆ ಬಿಟ್ಟು ಬರುವಂತಿರಲಿಲ್ಲ. ಗಂಡನೊಬ್ಬನನ್ನೇ ಕಳಿಸಲು ಹೆದರಿ ನನ್ನನ್ನು ಜೊತೆ ಮಾಡಿದಳು. ನಾನು ಹೊಲಿಗೆ ಕ್ಲಾಸ್ ನಡೆಸುವವಳು. ಅಂಗಡಿಗಳಲ್ಲಿ ಮಾಸ್ಕ್ ಸಿಗದಿದ್ದಾಗ ಉಳಿದ ಬ್ಲೌಸ್ ಪೀಸಿನಲ್ಲೇ ನಾಲ್ಕಾರು ಹೊಲಿದುಕೊಂಡೆ. ಭಾವನ ಪಾಲಿಗೆ ಬಂದದ್ದು ಜರಿ ಅಂಚಿನ ಕಿತ್ತಳೆ ಬಣ್ಣದ್ದು. ಅವರು ಅದನ್ನು ಕಟ್ಟಿಕೊಂಡು ಕನ್ನಡಿ ನೋಡಿ, "ನವರದೇವನ ಕಳೆ ಬಂತು" ಅಂತ ಮದುಮಗನಂತೆ ಮೀಸೆ ತಿರುವಲು ಹೋಗಿ, ಮೀಸೆ ಒಳಗಿದೆ ಅಂತ ನೆನಪಾಗಿ ನಕ್ಕರು.

ನಮ್ಮ ಬೋಗಿಯಲ್ಲಿ ಒಂದು ವಿಚಿತ್ರ ಕಂಡಿತು. ಎಲ್ಲ ಕಡೆ ಕಿಕ್ಕಿರಿದಿದ್ದರೂ ಒಂದು ಕಡೆ ಮಾತ್ರ ಗಂಡ, ಹೆಂಡತಿ, ಒಬ್ಬ ಮುದುಕಿ ಮೂವರೇ ಆರಾಮವಾಗಿ ಕೂತಿದ್ದರು. ಅವರು ಪುಣೆಯಲ್ಲಿ ಹತ್ತಿದವರು ಅಂತ ಗೊತ್ತಾದ ಮೇಲೆ ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ಹೋಗಿದ್ದರಂತೆ. ಭಾವ ಡಬರಿ ಎಳೆದುಕೊಂಡು ನೇರ ಅಲ್ಲಿಗೇ ನಡೆದರು. "ಇಷ್ಟು ಜಾಗ ಖಾಲಿ ಅದ, ದೇವರೇ ಕೊಟ್ಟಾನ," ಅಂದರು. ಆ ಹೆಂಡತಿ ಮರಾಠಿಯಲ್ಲಿ, "ನಮಗೇನೂ ಆಗಿಲ್ಲ ಅಣ್ಣಾ, ನಿಜವಾಗಿ," ಅಂತ ಅಳುವ ದನಿಯಲ್ಲಿ ಹೇಳಿದಳು. ಭಾವ ತಮ್ಮ ಅರೆಬರೆ ಮರಾಠಿಯಲ್ಲಿ ಸಮಾಧಾನ ಮಾಡಿ ರೊಟ್ಟಿ ಗಂಟು ಬಿಚ್ಚಿದರು. ಮುದುಕಿ ಬೇಸನ್ ಲಾಡು ಕೊಟ್ಟಳು. ರಾಯಚೂರು ದಾಟುವುದರೊಳಗೆ ನಾವು ಐವರೂ ಒಂದೇ ಮನೆಯವರಂತೆ ಉಂಡು ಮುಗಿಸಿದ್ದೆವು. ಶಾಮಿಯಾನದ ಧೂಳಿನಿಂದ ಭಾವನಿಗೆ ಯಾವಾಗಲೂ ಒಣಕೆಮ್ಮು. ಅವರು ಕೆಮ್ಮಿದಾಗಲೆಲ್ಲ ಪಕ್ಕದ ಬೆಂಚಿನವರು ಇನ್ನೂ ಒಂದಿಷ್ಟು ಆಚೆ ಸರಿಯುತ್ತಿದ್ದರು.

ಬೆಳಿಗ್ಗೆ ಯಲಹಂಕ ಬಂದಾಗ ಹೊರಗೆ ಜಿಟಿಜಿಟಿ ಮಳೆ. ಭಾವ ಆಗಲೇ ಎದ್ದು ಕೂತು ಎದೆಯ ನಡುವೆ ಅಂಗೈ ಆಡಿಸಿಕೊಳ್ಳುತ್ತಿದ್ದರು. ಏನಾಯಿತು ಅಂದೆ. "ಹಿಂಡಿ ಖಾರ ಆತು," ಅಂದರು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಒಂದು ಡಬರಿ ಹೊತ್ತು ನಾಲ್ಕು ಹೆಜ್ಜೆ ಹಾಕಿದರು. ಆಮೇಲೆ ಅದನ್ನು ಬೋರಲು ಹಾಕಿ ಅದರ ಮೇಲೇ ಕೂತುಬಿಟ್ಟರು. ಆ ತಂಪು ಗಾಳಿಯಲ್ಲಿ ಅವರ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

"ಗ್ಯಾಸ್ ಅದ. ಒಂದು ಸೋಡಾ ಕುಡದ್ರ ಹೋಗ್ತದ," ಅಂದರು. ನಾನು ನಂಬಿದೆ.

ಸ್ಟೇಷನ್ನಿನ ಹೊರಗೆ ಆಟೋದವರು ಡಬರಿ ನೋಡಿಯೇ ಮುಖ ತಿರುಗಿಸಿದರು. ಒಪ್ಪಿಕೊಂಡವನು ಸಾದಿಕ್ ಒಬ್ಬನೇ. ಶಿವಾಜಿನಗರದವನು, ಮೂವತ್ತೈದರ ಆಸುಪಾಸು, ಬಿಳಿ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡಿದ್ದ. ಅದರಿಂದ ನೀಲಗಿರಿ ಎಣ್ಣೆಯ ವಾಸನೆ ಘಮ್ಮೆನ್ನುತ್ತಿತ್ತು. "ಮೀಟರ್ ಮೇಲೆ ಇಪ್ಪತ್ತು ಕೊಡಿ ಅಕ್ಕ, ಡಬರಿಗೂ ಟಿಕೆಟ್ ಬೇಕಲ್ವಾ," ಅಂತ ನಗುತ್ತ ಒಂದನ್ನು ಹಿಂದೆ ಹಗ್ಗದಲ್ಲಿ ಬಿಗಿದ. ಇನ್ನೊಂದು ನನ್ನ ತೊಡೆಯ ಮೇಲೆ ಕೂತಿತು.

ಶಿವಾಜಿನಗರದಲ್ಲಿ ಆಟೋ ನಿಲ್ಲಿಸಿ ಭಾವನಿಗೆ ನಿಂಬೆ ಸೋಡಾ ಕುಡಿಸಿದೆವು. ಅವರು ದೊಡ್ಡದಾಗಿ ತೇಗಿ, "ಹೋತು ನೋಡು," ಅಂದರು. ಹಲಸೂರಿನ ಸಿಗ್ನಲ್ಲಿನಲ್ಲಿ ಹೂವು ಮಾರುವಾಕೆಯೇ ಮಾಸ್ಕನ್ನೂ ಮಾರುತ್ತಿದ್ದಳು. ಇಂದಿರಾನಗರದ ಹತ್ತಿರ ಮೆಟ್ರೋ ಕೆಲಸಕ್ಕೆ ರಸ್ತೆಯ ನಡುವೆ ತಗಡು ನಿಲ್ಲಿಸಿದ್ದರು. ಗಾಡಿಗಳೆಲ್ಲ ಇರುವೆ ಸಾಲಿನಂತೆ ತೆವಳುತ್ತಿದ್ದವು. ನಾನು ಮೊದಲ ಸಲ ಬೆಂಗಳೂರು ನೋಡುತ್ತಿದ್ದವಳು, ಎರಡೂ ಕಡೆ ಕಣ್ಣಾಡಿಸುತ್ತಿದ್ದೆ. ಕೆ.ಆರ್. ಪುರದ ತೂಗುಸೇತುವೆ ಬಂದಾಗ, "ಚಾಚಾ, ನೋಡಿ ನಮ್ಮೂರ ಜೋಕಾಲಿ!" ಅಂದ ಸಾದಿಕ್. ಅಷ್ಟು ದಪ್ಪ ಹಗ್ಗಗಳ ಮೇಲೆ ನಿಂತ ಸೇತುವೆ ಕಂಡರೆ ಸುಮ್ಮನಿರುವ ಮನುಷ್ಯನಲ್ಲ ನನ್ನ ಭಾವ. ಆದರೆ ಅವರು ತಲೆ ಎತ್ತಲಿಲ್ಲ. ಆಗ ನನಗೆ ಮೊದಲ ಸಲ ಭಯವಾಯಿತು.

ರೇಣುಕಾಳ ಕೋಣೆ ಒಂದು ಓಣಿಯ ತುದಿಯಲ್ಲಿತ್ತು. ಅವಳು ಓಡಿ ಬಂದು ಅಪ್ಪನ ಕಾಲಿಗೆ ಬಿದ್ದು, ಸಾದಿಕ್‌ಗೂ ಚಹಾ ಕೊಟ್ಟು ಕೂರಿಸಿದಳು. ನಾಗಪ್ಪ ಆಗಲೇ ಕೆಲಸಕ್ಕೆ ಹೋಗಿದ್ದ. ಭಾವ ಚಹಾದ ಲೋಟ ಕೆಳಗಿಟ್ಟು ಎಡಗೈ ಹಿಡಿದುಕೊಂಡರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅಪ್ಪಾ, ದವಾಖಾನಿಗೆ ಹೋಗಾಮು, ಏಳು," ಅಂದಳು ರೇಣುಕಾ.

"ಎಲ್ಲಿಗೂ ಬ್ಯಾಡ! ಈಗ ದವಾಖಾನಿಗೆ ಹೋದವ್ರು ಹಂದಿಜ್ವರ ಹಚ್ಚಿಕೊಂಡು ಬರ್ತಾರ. ಟಿ.ವಿ.ಯಾಗ ದಿನಾ ತೋರಸ್ಲಿಕತ್ತಾರ. ಗ್ಯಾಸಿಗೆ ಹೋಗಿ ಹೆಣ ಆಗಿ ಬರ್ಲೇನು?"

"ಎಷ್ಟೊತ್ತಿನಿಂದ ನೋವದ?" ಅಂತ ನಾನು ಕೇಳಿದೆ.

ಅವರು ನನ್ನ ಕಡೆ ನೋಡದೆ, "ಹಿಂದೂಪುರದಿಂದ," ಅಂದರು. ಅಂದರೆ ಬೆಳಕು ಹರಿಯುವ ಮೊದಲೇ. ಆಮೇಲೆ ದನಿ ತಗ್ಗಿಸಿ, "ಸುಶೀಲಾ, ಪುಣೆದವ್ರ ಕೈಯಾಗಿನ ಲಾಡು ತಿಂದೀನಿ. ಇದು ಅದೇ ಜಡ್ಡು ಇರಬೇಕು. ನನಗ ಒಂದು ಕೋಣ್ಯಾಗ ಕೂಡಿ ಹಾಕ್ತಾರ. ಸತ್ತರೂ ನಿಮಗ ಮುಖ ತೋರಸೂದಿಲ್ಲ," ಅಂದರು. ಸಾವಿರ ಮಂದಿಯ ಮದುವೆಗೆ ಒಂಟಿಯಾಗಿ ಚಪ್ಪರ ಎಬ್ಬಿಸುವ ಮನುಷ್ಯ ಚಿಕ್ಕ ಹುಡುಗನಂತೆ ಕಣ್ಣಲ್ಲಿ ನೀರು ತಂದುಕೊಂಡಿದ್ದರು.

ರೇಣುಕಾ ಅಪ್ಪನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಇನ್ನೊಂದು ಕಡೆ ಸಾದಿಕ್ ಚಹಾ ಬಿಟ್ಟು ಬಂದು ಹಿಡಿದ. "ಚಾಚಾ, ಬೈಯೋದಿದ್ರೆ ಆಟೋದಲ್ಲಿ ಕೂತ್ಕೊಂಡು ಬೈರಿ," ಅಂದ.

ಹತ್ತಿರದಲ್ಲೇ ಒಂದು ನರ್ಸಿಂಗ್ ಹೋಮ್ ಇತ್ತು. ಶಟರ್ ಅರ್ಧ ಇಳಿಸಿದ್ದರು. ಜ್ವರ, ಕೆಮ್ಮು ಇದ್ದವರು ಒಳಗೆ ಬರಬಾರದು ಅಂತ ಕಾಗದ ಅಂಟಿಸಿದ್ದರು. ನಾನು ಎದೆನೋವು ಅಂತ ಹೇಳುತ್ತಿದ್ದಂತೆ ಭಾವನಿಗೆ ಹಾಳಾದ ಕೆಮ್ಮು ಬಂತು. ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ. "ಡಾಕ್ಟ್ರಿಲ್ಲ ಮೇಡಂ. ದೊಡ್ಡಾಸ್ಪತ್ರೆಗೆ ಹೋಗಿ, ದಯವಿಟ್ಟು," ಅಂತ ಕೈ ಮುಗಿದ. ಅವನ ಕಣ್ಣಲ್ಲೂ ಹೆದರಿಕೆಯೇ ಇತ್ತು. ಜಗಳಕ್ಕೆ ಹೊತ್ತಿರಲಿಲ್ಲ.

ಬಂದ ದಾರಿಯಲ್ಲೇ ವಾಪಸ್ಸು. ಸಾದಿಕ್ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಗದ್ದಲದಲ್ಲಿ ಬಸ್ಸುಗಳ ಸಂದಿಯಿಂದ ತೂರಿ, ಹಾರ್ನಿನ ಮೇಲಿನ ಕೈ ತೆಗೆಯದೆ ಓಡಿಸಿದ. ಭಾವ ಮಗಳ ಭುಜಕ್ಕೆ ಒರಗಿದ್ದರು. ಇಂದಿರಾನಗರದ ಹತ್ತಿರ ಒಂದು ದೊಡ್ಡ ಆಸ್ಪತ್ರೆ ಮುಟ್ಟಿದಾಗ ಅಂಗಳದಲ್ಲಿ ಶಾಮಿಯಾನ ಹಾಕಿ, ಬಂದವರನ್ನೆಲ್ಲ ಮೊದಲು ಅಲ್ಲಿ ತಡೆದು ವಿಚಾರಿಸುತ್ತಿದ್ದರು. ಭಾವ ಅರೆಗಣ್ಣು ತೆರೆದು ಮೇಲೆ ನೋಡಿದರು.

"ಯಾವ ಮಗ ಕಟ್ಟ್ಯಾನ ಇದನ್ನ? ಹಗ್ಗ ಸಡಲ ಅದ. ಮಳಿ ನೀರು ನಿಂತು ಮಂದಿ ತಲಿ ಮ್ಯಾಲೆ ಬೀಳ್ತದ."

ನನಗೆ ಅಳು ಬರುವ ಹೊತ್ತಿನಲ್ಲೂ ನಗು ಬಂತು. ರೇಣುಕಾ ಬಾಯಿಗೆ ಸೆರಗು ಒತ್ತಿಕೊಂಡಳು.

ಮೇಜಿನ ಹಿಂದೆ ಕೂತವಳು ಕೇಳಿದಳು: ಜ್ವರ ಇದೆಯಾ, ಕೆಮ್ಮು ಇದೆಯಾ, ಪುಣೆಯಿಂದ ಬಂದವರ ಜೊತೆ ಇದ್ದಿರಾ? ನಾನು ಬಾಯಿ ತೆರೆಯುವುದರೊಳಗೆ ಭಾವ, "ಹೌದ್ರೀ ತಾಯಿ, ಒಂದೇ ಗಂಟಿನಾಗ ಉಂಡೀವಿ," ಅಂದುಬಿಟ್ಟರು. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ. ನಾನು ಎದೆನೋವು ಅಂದದ್ದು ಆಕೆಯ ಕಿವಿಗೆ ಬೀಳಲೇ ಇಲ್ಲ, ಹಳದಿ ಚೀಟಿ ಕೊಟ್ಟು ಜ್ವರದವರ ಸಾಲು ತೋರಿಸಿದಳು. ಉದ್ದನೆಯ ಸಾಲು. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಕಾಲೇಜು ಹುಡುಗರು, ಸುಮ್ಮನೆ ಹೆದರಿ ಬಂದವರೇ ಬಹಳ. ಕೂತಿದ್ದಷ್ಟೂ ಹೊತ್ತು ಭಾವ ಕರಗುತ್ತಿದ್ದಂತೆ ಕಂಡಿತು. ಕೊನೆಗೆ ಮುಖ ಪೂರ್ತಿ ಮುಚ್ಚಿಕೊಂಡ ಒಬ್ಬ ಹುಡುಗ ಡಾಕ್ಟರು ಬಂದು ಥರ್ಮಾಮೀಟರ್ ಇಟ್ಟು, "ಜ್ವರ ಇಲ್ಲ. ಇನ್ನೇನು ತೊಂದರೆ?" ಅಂದರು.

"ಏನಿಲ್ಲ. ಗ್ಯಾಸ್," ಅಂದರು ಭಾವ.

ಆಗ ನಾನು ಎದ್ದು ನಿಂತೆ. ಮನೆಯಲ್ಲಿ ಭಾವನ ಎದುರು ಏರುದನಿಯಲ್ಲಿ ಮಾತಾಡಿದವಳಲ್ಲ. "ಸುಳ್ಳು, ಡಾಕ್ಟರೇ! ಬೆಳಕು ಹರಿಯೋಕಿಂತ ಮುಂಚೆಯಿಂದ ಎದೆ ಒತ್ತಿ ಹಿಡಿದ ಹಂಗಾಗ್ಯದ. ಎಡಗೈ ಜಗ್ತದ, ಬೆವರ್ತಾರ. ಕೆಮ್ಮು ಹತ್ತು ವರ್ಷದ್ದು, ಅದನ್ನ ಬಿಡ್ರಿ. ಎದಿ ನೋಡ್ರಿ ಮೊದಲ!" ಅಂದೆ. ಇಡೀ ಸಾಲು ನಮ್ಮ ಕಡೆ ತಿರುಗಿತು. ಡಾಕ್ಟರು ಒಂದು ಕ್ಷಣ ಭಾವನ ಮುಖವನ್ನೇ ದಿಟ್ಟಿಸಿ, ಗಾಲಿಕುರ್ಚಿ ತರಲು ಕೂಗಿದರು.

ಇ.ಸಿ.ಜಿ. ಕಾಗದ ಹೊರಬರುತ್ತಿದ್ದಂತೆಯೇ ಅಲ್ಲಿನವರೆಲ್ಲ ಓಡಾಡತೊಡಗಿದರು. ಹೃದಯಾಘಾತ. ಮಾತ್ರೆಗಳನ್ನು ಅಗಿಸಿದರು, ಸೂಜಿ ಚುಚ್ಚಿದರು. ಹೃದಯದ ನಾಳ ಕಟ್ಟಿಕೊಂಡಿದೆ, ಈಗಲೇ ತೆರೆಯಬೇಕು, ಆದರೆ ಅದನ್ನು ತೆರೆಯುವ ಯಂತ್ರದ ಕೋಣೆಯ ಸಿಬ್ಬಂದಿ ಜ್ವರ ಬಂದು ಮನೆಯಲ್ಲಿದ್ದಾರೆ ಅಂತ ಹುಡುಗ ಡಾಕ್ಟರು ಹೇಳಿದರು. "ಕಂಟೋನ್ಮೆಂಟ್ ಕಡೆ ಇನ್ನೊಂದು ಆಸ್ಪತ್ರೆ ಇದೆ. ನಾನೇ ಫೋನ್ ಮಾಡಿದ್ದೀನಿ. ಅಲ್ಲಿ ರೆಡಿ ಇರ್ತಾರೆ, ಹೊರಡಿ," ಅಂದರು.

ಆಂಬುಲೆನ್ಸಿನಲ್ಲಿ ಒಬ್ಬರಿಗೇ ಜಾಗ. ನಾನು ಹತ್ತಿದೆ. ಹಿಂದಿನಿಂದ ಸಾದಿಕ್‌ನ ಆಟೋ ರೇಣುಕಾಳನ್ನು ಕೂರಿಸಿಕೊಂಡು ಬರುತ್ತಿತ್ತು. ಬೆಳಿಗ್ಗೆ ಬಂದ ಅದೇ ರಸ್ತೆ, ಅದೇ ತಗಡು, ಅದೇ ಹಲಸೂರು. ಸೈರನ್ನಿಗೆ ಜನ ದಾರಿ ಬಿಟ್ಟರು. ಆ ಊರಿನ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಸಿಗ್ನಲ್ಲಿನಲ್ಲಿ ಅರ್ಧ ಇಳಿಯಿತು. ಭಾವ ನನ್ನ ಬೆರಳು ಹಿಡಿದಿದ್ದರು. "ನಿಮ್ಮಕ್ಕಗ ಹೇಳಬ್ಯಾಡ," ಅಂದರು. ಸ್ವಲ್ಪ ತಡೆದು, "ಹೇಳೂದಿದ್ರ ನೀನೇ ಹೇಳು," ಅಂದರು.

ಮೂರನೆಯ ಆಸ್ಪತ್ರೆಯ ಬಾಗಿಲಲ್ಲೇ ಹೃದಯದ ಡಾಕ್ಟರು ನಿಂತಿದ್ದರು. ನಡುವಯಸ್ಸಿನ ಹೆಂಗಸು, ಕುಳ್ಳಗಿದ್ದರು. ಹಳದಿ ಚೀಟಿ ನೋಡಿ ಅವರ ಪಕ್ಕದ ಒಬ್ಬರು, "ಮೇಡಂ, ಗಂಟಲಿನ ಸ್ಯಾಂಪಲ್ ಕಳಿಸಿ ರಿಪೋರ್ಟ್ ಬಂದ ಮೇಲೆ..." ಅಂತ ಶುರು ಮಾಡಿದರು.

"ಸ್ಯಾಂಪಲ್ ಕಳ್ಸಿ. ರಿಪೋರ್ಟ್ ನಾಳೆ ಬರಲಿ, ನಾಡಿದ್ದು ಬರಲಿ. ಈ ಹೃದಯ ಅಲ್ಲಿವರೆಗೆ ಕಾಯಲ್ಲ," ಅಂದರು ಆಕೆ. "ಜ್ವರ ಇದೆ ಅಂತಲೇ ಇಟ್ಕೊಳ್ಳೋಣ. ಎಲ್ರೂ ಗೌನ್ ಹಾಕ್ಕೊಳ್ಳಿ, ಬೇಗ."

ಅವರೆಲ್ಲ ತಲೆಯಿಂದ ಕಾಲಿನವರೆಗೆ ನಿಲುವಂಗಿ, ಎರಡೆರಡು ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಹಿಡಿದ ಹೊತ್ತು ನನ್ನ ಜೀವನದಲ್ಲೇ ಉದ್ದನೆಯದು. ಒಳಗೆ ಒಯ್ಯುವಾಗ ಭಾವ ಅವರೆಲ್ಲರ ವೇಷ ನೋಡಿ, "ಇವ್ರೆಲ್ಲ ಚಂದ್ರಲೋಕಕ್ಕ ಹೊಂಟಾರೇನು?" ಅಂದರು. ಆ ಡಾಕ್ಟರು ಜೋರಾಗಿ ನಕ್ಕಿದ್ದು ಬಾಗಿಲು ಮುಚ್ಚಿದ ಮೇಲೂ ಕೇಳಿಸಿತು.

ಹೊರಗಿನ ಬೆಂಚಿನಲ್ಲಿ ನಾನು, ರೇಣುಕಾ, ಸಾದಿಕ್. ಅವನಿಗೆ ನೀವು ಹೋಗಿ ಅಂದರೆ, "ಡಬರಿ ಇನ್ನೂ ನನ್ನ ಆಟೋ ಹಿಂದೇನೇ ಇದೆ ಅಕ್ಕ, ಅದನ್ನ ಇಳಿಸ್ದೆ ಹೆಂಗೆ ಹೋಗ್ಲಿ," ಅಂದ. ನಿಜವಾಗಿ ನಾನೂ ರೇಣುಕಾಳೂ ಅದನ್ನು ಮರೆತೇಬಿಟ್ಟಿದ್ದೆವು. ಅನ್ನದ ಡಬರಿ ಬೆಂಗಳೂರಿನ ಪೂರ್ವಭಾಗವನ್ನೆಲ್ಲ ಎರಡು ಸಲ ಸುತ್ತಿತ್ತು. ಅವನು ನಮಗೆ ಬನ್ನು, ಚಹಾ ತಂದುಕೊಟ್ಟು, ಒಂದು ಮೂಲೆಯಲ್ಲಿ ನಮಾಜು ಮಾಡಿ ಬಂದ. ನಾಗಪ್ಪ ಮೈಯೆಲ್ಲ ಸಿಮೆಂಟಿನ ಧೂಳು ಹೊತ್ತೇ ಓಡಿ ಬಂದ.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದರು. ಕಣ್ಣಿನ ಸುತ್ತ ಅದರ ಗುರುತು ಬಿದ್ದಿತ್ತು. "ತೆರೀತು. ಸ್ಟೆಂಟ್ ಹಾಕಿದ್ದೀವಿ. ಹೃದಯಕ್ಕೆ ಸ್ವಲ್ಪ ಪೆಟ್ಟಾಗಿದೆ, ಆದ್ರೆ ಬದುಕ್ತಾರೆ," ಅಂದರು. ರೇಣುಕಾ ಅವರ ಕಾಲು ಹಿಡಿಯಲು ಬಾಗಿದಳು. ಆಕೆ ಹಿಂದೆ ಸರಿದು, "ಮುಟ್ಬೇಡಮ್ಮಾ, ಇನ್ನೂ ಕೈ ತೊಳ್ದಿಲ್ಲ," ಅಂದರು. ಆಮೇಲೆ ಅಲ್ಲೇ ಗೋಡೆಗೆ ಒರಗಿ ಹೇಳಿದರು: "ಈ ಜ್ವರ ಶುರುವಾದಾಗಿನಿಂದ ಎದೆನೋವಿನವರು ನಮ್ಮ ಹತ್ರ ಬರೋಕೇ ಹೆದರ್ತಿದ್ದಾರೆ. ಮನೇಲೇ ಕೂತು ಸೋಡಾ ಕುಡೀತಾರೆ. ಬರೋ ಹೊತ್ತಿಗೆ ತಡವಾಗಿರುತ್ತೆ. ಇವರದ್ದೂ ಇನ್ನೊಂದಿಷ್ಟು ತಡವಾಗಿದ್ರೆ ಕಷ್ಟ ಇತ್ತು. ನಿಮ್ಮೂರಲ್ಲಿ ಎಲ್ಲರಿಗೂ ಹೇಳಿ."

ಇದನ್ನು ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಅಕ್ಕನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. "ಊಟಾ ಮಾಡ್ಯಾರೇನು?" ಅಂತ ಕೇಳಿದಳು. ಅಷ್ಟೇ.

ರಿಪೋರ್ಟ್ ಬರುವವರೆಗೆ ಭಾವನನ್ನು ಬೇರೆ ಕೋಣೆಯಲ್ಲಿ ಇಟ್ಟರು. ಅವರು ಹೆದರಿದ್ದು ಅದಕ್ಕೇ, ಆದರೆ ಬಾಗಿಲಿಗೆ ಒಂದು ಗಾಜು ಇತ್ತು. ನಾವು ಈ ಕಡೆ, ಅವರು ಆ ಕಡೆ. ಮೊದಲ ದಿನ ಬರೀ ಕಣ್ಣು ಮಿಟುಕಿಸಿದರು. ಮರುದಿನ ಕೈಸನ್ನೆ ಶುರುವಾಯಿತು. ಉಪ್ಪಿಲ್ಲದ ಗಂಜಿಯ ಬಗ್ಗೆ ಅವರು ಗಾಜಿನ ಹಿಂದಿನಿಂದ ಮಾಡಿ ತೋರಿಸಿದ ಅಭಿನಯಕ್ಕೆ ನರ್ಸುಗಳು ಬಂದು ನಿಂತು ನಗುತ್ತಿದ್ದರು. ಕೊನೆಗೆ ರಿಪೋರ್ಟ್ ಬಂತು. ಹಂದಿಜ್ವರ ಇರಲಿಲ್ಲ. "ಪಾಪ, ಪುಣೆದವ್ರನ್ನ ಸುಮ್ನ ಅನುಮಾನ ಪಟ್ಟೆ. ಲಾಡು ಛಲೋನೇ ಇತ್ತು," ಅಂತ ಮೊದಲ ಮಾತು ಆಡಿದರು.

ಬಿಡುಗಡೆಯಾದ ಮೇಲೆ ಕೆ.ಆರ್. ಪುರದಲ್ಲಿ ಕೆಲವು ದಿನ ಉಳಿದೆವು. ಒಂದು ಭಾನುವಾರ ರೇಣುಕಾ ಖಾನಾವಳಿ ತೆರೆದೇಬಿಟ್ಟಳು. ತಗಡಿನ ಶೀಟಿನ ಕೆಳಗೆ ನಾಲ್ಕು ಬೆಂಚು, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ ಸಾರು, ಡಬರಿ ತುಂಬ ಅನ್ನ. ಸುರಪುರ, ಸೇಡಂ, ದೇವದುರ್ಗದ ಮಂದಿ ಸಾಲಾಗಿ ಕೂತು ಉಂಡರು. ಮಾಸ್ಕನ್ನು ಗದ್ದದ ಕೆಳಗೆ ಇಳಿಸಿ ಒಬ್ಬ ಮುದುಕ, "ತಿಂಗಳಾದ ಮ್ಯಾಲ ಊಟಾ ಮಾಡ್ದಂಗಾತವ್ವ," ಅಂದ. ಸಾದಿಕ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಶೇಂಗಾ ಹಿಂಡಿ ತಿಂದು ಅವನ ಹೆಂಡತಿಯ ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಹಾಕಿಸಿಕೊಂಡಳು. ಭಾವ ಮಾತ್ರ ಒಂದು ಕುರ್ಚಿಯಲ್ಲಿ ಕೂತು, ತಮ್ಮ ಪಾಲಿನ ಸಪ್ಪೆ ಬೇಳೆ ಮುಂದಿಟ್ಟುಕೊಂಡು ಯಾರಿಗೆ ಏನು ಬಡಿಸಬೇಕು ಅಂತ ಬೆರಳಿನಲ್ಲೇ ತೋರಿಸುತ್ತಿದ್ದರು. ಕೂಗಬಾರದು ಅಂತ ಡಾಕ್ಟರು ಹೇಳಿದ್ದರು.

ವಾಪಸ್ಸು ಹೊರಟಾಗ ಮಳೆ ನಿಂತು ಬಿಸಿಲು ಬಂದಿತ್ತು. ಕಂಟೋನ್ಮೆಂಟಿನಲ್ಲಿ ಗಾಡಿ ಹತ್ತಿದೆವು. ಸಾದಿಕ್ ಮೀಟರಿನ ಹಣ ತೆಗೆದುಕೊಳ್ಳಲು ಒಪ್ಪದೆ, ನಾನು ಹಟ ಹಿಡಿದ ಮೇಲೆ ಇಸಕೊಂಡು, ಭಾವನ ಕೈ ಹಿಡಿದು ಬಹಳ ಹೊತ್ತು ನಿಂತಿದ್ದ. ಬೋಗಿಯಲ್ಲಿ ಜಾಗವಿತ್ತು. ಭಾವ ಕಿಟಕಿಗೆ ತಲೆ ಆನಿಸಿ ಚೆನ್ನಾಗಿ ನಿದ್ದೆ ಮಾಡಿದರು. ಅನಂತಪುರದಾಚೆ ಒಣಭೂಮಿ ಶುರುವಾದಾಗ ಒಮ್ಮೆ ಎದ್ದು, ನೀರು ಕುಡಿದು, ಮತ್ತೆ ಮಲಗಿದರು.

ಯಾದಗಿರಿಯಲ್ಲಿ ಅಕ್ಕ ಸ್ಟೇಷನ್ನಿಗೆ ಬಂದಿದ್ದಳು. ನಾನು ಚೀಲ ಇಳಿಸಿಕೊಂಡೆ, ಭಾವ ಕಂಬಿ ಹಿಡಿದು ನಿಧಾನವಾಗಿ ಇಳಿದರು. ಅಕ್ಕ ಹತ್ತಿರ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದಳು. ನಾಲ್ಕು ಜನರೆದುರು ಗಂಡನ ಪಕ್ಕ ನಿಲ್ಲಲೂ ನಾಚುವವಳು, ಅಷ್ಟು ಮಂದಿಯ ನಡುವೆ ಮುಂದೆ ಬಂದು ಅವರ ಅಂಗಿಯ ಮೇಲೆ ಎದೆಗೆ ಕಿವಿ ಇಟ್ಟಳು. ಹಮಾಲರು, ಚಹಾ ಮಾರುವವರು, ಇಳಿದ ಮಂದಿ, ಎಲ್ಲರೂ ನೋಡುತ್ತಿದ್ದರು.

"ಏಯ್, ಮಂದಿ ನೋಡ್ಲಿಕತ್ತಾರ. ಏನು ಮಾಡ್ಲಿಕತ್ತಿ?" ಅಂದರು ಭಾವ ಗಾಬರಿಯಾಗಿ.

"ಸುಮ್ಮನಿರ್ರಿ," ಅಂದಳು ಅಕ್ಕ. "ಕೇಳ್ಲಿಕತ್ತೀನಿ."

ಭಾವ ಸುಮ್ಮನಾದರು. ಗಾಡಿ ಕಲಬುರಗಿಯ ಕಡೆ ಹೊರಟಿತು.